ಲೂಪ್ ಬರೆಯುವ ಮೊದಲು ಪೆನ್ಸಿಲ್ ಹಿಡಿಯಿರಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಡಿಗ್ರಿ ಮೊದಲ ವರ್ಷದ ಮಕ್ಕಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಸಿಕೊಳ್ಳಲು ನಮ್ಮ ಮನೆಗೆ ಬರುತ್ತಾರೆ. ಶಾಲೆಯಲ್ಲಿ ಕನ್ನಡ ಮಾಧ್ಯಮ, ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷ್. ಇಂಗ್ಲಿಷ್ ಸಾಲದೆ ಪ್ರೋಗ್ರಾಮ್ ತಲೆಗೆ ಹತ್ತುತ್ತಿಲ್ಲ ಅಂತ ನೊಂದುಕೊಳ್ಳುತ್ತಾರೆ. ಅವರು ಎಡವುವುದು ಇಂಗ್ಲಿಷಿನಲ್ಲಲ್ಲ, ಲೂಪಿನಲ್ಲಿ, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳಲ್ಲಿ.

ಮೊದಲು ಪೈಥಾನ್ 3 ಹಾಕಿಕೊಳ್ಳಿ. ದುಡ್ಡು ಕೊಡಬೇಕಾಗಿಲ್ಲ. ವಿಂಡೋಸ್‌ನಲ್ಲಿ ಅದರ ಜೊತೆಗೇ ಬರುವ ಐಡಲ್ ಸಾಕು, ಪ್ರೋಗ್ರಾಮ್ ಬರೆಯಲೂ ಓಡಿಸಲೂ. ಮೊಬೈಲ್ ಆ್ಯಪ್ ಬೇಡವೇ ಬೇಡ. ಯಾವ ಸಾಲು ಲೂಪಿನ ಒಳಗಿದೆ ಅನ್ನುವುದು ಸಾಲಿನ ಆರಂಭದ ಖಾಲಿ ಜಾಗದಿಂದ ತೀರ್ಮಾನವಾಗುತ್ತದೆ. ಸಣ್ಣ ಪರದೆಯಲ್ಲಿ ಅದು ತಪ್ಪಿದರೆ ಕಣ್ಣಿಗೆ ಬೀಳುವುದಿಲ್ಲ. ಉತ್ತರ ತೋರಿಸುವ ಪ್ರಿಂಟ್ ಪದದ ಪಕ್ಕ ಆವರಣ ಚಿಹ್ನೆ ಇಲ್ಲದ ಹಳೆ ಗೈಡ್ ಸಿಕ್ಕರೆ ಕೊಳ್ಳಬೇಡಿ. ಅದು ಪೈಥಾನ್ 2. ಅದಕ್ಕೆ 2020ರ ಜನವರಿ 1ರಿಂದ ಬೆಂಬಲವೇ ಇಲ್ಲ.

ಈಗ ಲೆಕ್ಕ. ಐದು ಗೋಣಿ ಅಡಿಕೆ ಇದೆ: 52, 48, 50, 47, 53 ಕಿಲೋ. ಒಟ್ಟು ಎಷ್ಟು? ಸಂಖ್ಯೆ ಇಟ್ಟುಕೊಳ್ಳುವ ಜಾಗಗಳಿಗೆ ತೂಕ, ಮೊತ್ತ ಅಂತ ಕನ್ನಡದಲ್ಲೇ ಹೆಸರಿಡಿ, ಪೈಥಾನ್ 3 ಒಪ್ಪುತ್ತದೆ. ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಇನ್‌ಪುಟ್ ಕೊಡುವುದು ಅಕ್ಷರಗಳನ್ನು, ಸಂಖ್ಯೆಯನ್ನಲ್ಲ. ಹಾಗೇ ಕೂಡಿಸಿದರೆ 52 ಮತ್ತು 48 ಅಂಟಿಕೊಂಡು 5248 ಆಗುತ್ತದೆ. ಫ್ಲೋಟ್ ಹಾಕಿ ದಶಮಾಂಶ ಸಂಖ್ಯೆ ಮಾಡಿಕೊಳ್ಳಿ. ಪೂರ್ಣಾಂಕ ಮಾತ್ರ ಒಪ್ಪುವ ಇಂಟ್ ಹಾಕಿದರೆ, ಯಾರಾದರೂ 52.5 ಅಂತ ಟೈಪ್ ಮಾಡಿದಾಗ ಪ್ರೋಗ್ರಾಮ್ ನಿಂತುಬಿಡುತ್ತದೆ.

ಇನ್ನು ಲೂಪ್. ಪ್ರತಿ ಸುತ್ತಿಗೆ ಒಂದು ಗೋಣಿಯ ತೂಕ ಕೇಳಿ ಮೊತ್ತಕ್ಕೆ ಕೂಡಿಸುವುದು ಅದರ ಕೆಲಸ. ಇಲ್ಲಿ ಕೀಬೋರ್ಡ್ ಬಿಟ್ಟು ನೋಟ್‌ಬುಕ್ ತೆಗೆಯಿರಿ. ಸುತ್ತು, ತೂಕ, ಮೊತ್ತ ಅಂತ ಮೂರು ಕಾಲಂ ಎಳೆಯಿರಿ. ಸುತ್ತು ಶುರುವಾಗುವ ಮೊದಲು ಮೊತ್ತ 0. ಮೊದಲ ಸುತ್ತಿಗೆ 52, ಎರಡನೆಯದಕ್ಕೆ 100, ಆಮೇಲೆ 150, 197, ಕೊನೆಗೆ 250. ನೀವೇ ಕಂಪ್ಯೂಟರ್ ಅಂದುಕೊಂಡು ಒಂದೊಂದೇ ಸಾಲು ಓದಿ, ಓದಿದಷ್ಟೇ ಮಾಡಿ. ಮನಸ್ಸಿನಲ್ಲಿರುವುದನ್ನು ಸೇರಿಸಬೇಡಿ.

ಹೀಗೆ ಮಾಡಿದವರಿಗೆ ಎರಡು ತಪ್ಪು ತಾನಾಗಿ ಕಾಣುತ್ತವೆ. ಒಂದು, ‘ಮೊತ್ತ = 0’ ಸಾಲನ್ನು ಲೂಪಿನ ಒಳಗೆ ಬರೆಯುವುದು. ಒಂದೊಂದು ಗೋಣಿ ತೂಗುವ ಮುಂಚೆಯೂ ಹಿಂದಿನ ಚೀಟಿ ಹರಿದು ಹಾಕಿದ ಹಾಗೆ ಅದು. ಕೊನೆಗೆ ಉಳಿಯುವುದು 53 ಮಾತ್ರ. ಇನ್ನೊಂದು, ಸುತ್ತುಗಳನ್ನು ಎಣಿಸಿಕೊಡುವ ರೇಂಜ್ ಅನ್ನು ರೇಂಜ್(1, 5) ಅಂತ ಬರೆದು ಐದು ಸುತ್ತು ಅಂದುಕೊಳ್ಳುವುದು. ಕೊನೆಯ ಅಂಕಿ ಸೇರುವುದಿಲ್ಲ. 1, 2, 3, 4 ಅಷ್ಟೇ. ಉತ್ತರ 197ಕ್ಕೆ ನಿಲ್ಲುತ್ತದೆ. ರೇಂಜ್(5) ಅಂತ ಬರೆಯಿರಿ. 0ಯಿಂದ 4ರವರೆಗೆ, ಸರಿಯಾಗಿ ಐದು. ಈ ಎರಡು ತಪ್ಪಿಗೂ ಕೆಂಪು ಅಕ್ಷರದ ಎರರ್ ಬರುವುದಿಲ್ಲ. ಕಂಪ್ಯೂಟರ್ ಸುಮ್ನೆ ತಪ್ಪು ಉತ್ತರ ಕೊಡುತ್ತದೆ. ಅದಕ್ಕೇ ಕಾಗದ ಬೇಕು ಅನ್ನುವುದು.

ಫೋನಿನಲ್ಲಿ ಎಐ ಕೇಳಿ ಕೋಡ್ ಅಂಟಿಸುವುದನ್ನು ಮೊದಲ ಸೆಮಿಸ್ಟರ್ ಪೂರ್ತಿ ಬಿಟ್ಟುಬಿಡಿ. ಲ್ಯಾಬ್ ಪರೀಕ್ಷೆಗೆ ಫೋನ್ ಒಯ್ಯಲು ಆಗುವುದಿಲ್ಲ, ಅಲ್ವಾ?

ಉತ್ತರ 250 ಬಂದ ಮೇಲೆ ಸರಾಸರಿ ಸೇರಿಸಿ. ಗೋಣಿ ಎಷ್ಟು ಅಂತ ಪ್ರೋಗ್ರಾಮೇ ಕೇಳಲಿ. ಆ ಸಂಖ್ಯೆಯನ್ನು ಇಂಟ್ ಮಾಡಿ ರೇಂಜ್‌ಗೆ ಕೊಡಿ, ಮೊತ್ತವನ್ನು ಅದರಿಂದಲೇ ಭಾಗಿಸಿ. ಐದಕ್ಕೆ 50 ಬರುತ್ತದೆ. ಈಗ ಬೇಕಂತಲೇ 0 ಕೊಟ್ಟು ನೋಡಿ. ಲೂಪ್ ಒಂದು ಸುತ್ತೂ ಓಡುವುದಿಲ್ಲ, ಭಾಗಾಕಾರದ ಸಾಲಿನಲ್ಲಿ ಎರರ್ ಬರುತ್ತದೆ. ಆ ಸಾಲಿನ ಮೇಲೆ ಒಂದು ಇಫ್ ಷರತ್ತು ಹಾಕಿ, ಗೋಣಿ ಇದ್ದರೆ ಮಾತ್ರ ಭಾಗಿಸುವಂತೆ ಮಾಡಿ.