36 ಮಶೀನ್, 11 ನಿಮಿಷ: ನಮ್ಮ ಲ್ಯಾಬಿನಲ್ಲಿ ಪೈಥಾನ್ ಕೂರಿಸಿದ ಕಥೆ

ಮೊನ್ನೆ ಸೆಮಿಸ್ಟರ್ ಶುರುವಾಗುವ ಮುಂಚೆ 36 ಮಶೀನ್‌ಗೂ ಪೈಥಾನ್ ಎನ್ವಿರಾನ್‌ಮೆಂಟ್ (ಪೈಥಾನ್ ಮತ್ತು ಅದಕ್ಕೆ ಬೇಕಾದ ಪ್ಯಾಕೇಜ್‌ಗಳ ಕಟ್ಟು) ಹೊಸದಾಗಿ ಹಾಕಿದೆ. ಹನ್ನೊಂದು ನಿಮಿಷ ಹಿಡಿಯಿತು. ಇದೇ ಕೆಲಸಕ್ಕೆ ಮೊದಲು ನಾನು, ಅಟೆಂಡರ್ ಇಬ್ಬರೂ ಮೂರು ದಿನ ಒದ್ದಾಡುತ್ತಿದ್ದೆವು. "ಇಂಟರ್ನೆಟ್ಟೇ ಸರಿ ಇಲ್ಲ, ಇದೆಲ್ಲ ಆಗೋ ಹೋಗೋ ಕೆಲಸ ಅಲ್ಲ ಸರ್" ಅಂತ ಸ್ಟಾಫ್ ರೂಮಿನಲ್ಲಿ ಹೇಳಿದವರಿದ್ದರು. ಹೊರಗಿನ ಒಬ್ಬರು 60 ಸಾವಿರದ ಕೊಟೇಶನ್ ಕೊಟ್ಟಿದ್ದರು. ನನಗೆ ಖರ್ಚಾಗಿದ್ದು ಒಂದು ಎಸ್‌ಎಸ್‌ಡಿ ಮತ್ತು ಮೊಬೈಲ್ ಡೇಟಾ ಸೇರಿ ಎರಡೂವರೆ ಸಾವಿರದ ಆಸುಪಾಸು.

ಶುರುವಿನಲ್ಲಿ ಇಡೀ ಡಿಸ್ಕನ್ನೇ ಕ್ಲೋನ್ ಮಾಡುತ್ತಿದ್ದೆ. ಒಂದು ಪ್ಯಾಕೇಜ್ ಬದಲಾದರೂ ಮತ್ತೆ 40 ಜಿಬಿ ಇಮೇಜ್. ಸಾಕಾಯಿತು. ಆಮೇಲೆ ನನ್ನ ಹೋಮ್ ಫೋಲ್ಡರಿನಲ್ಲಿ ಒಂದು ವೆನ್ವ್, ಅಂದರೆ ಪ್ರತ್ಯೇಕ ಪೈಥಾನ್ ಎನ್ವಿರಾನ್‌ಮೆಂಟ್ ಮಾಡಿ, ಎಲ್ಲ ಮಶೀನ್‌ನ ಆಪ್ಟ್ ಫೋಲ್ಡರಿಗೆ (ಎಲ್ಲರಿಗೂ ಬೇಕಾದ ಸಾಫ್ಟ್‌ವೇರ್ ಇಡುವ ಜಾಗ) ಆರ್‌ಸಿಂಕ್‌ನಿಂದ ಕಾಪಿ ಮಾಡಿದೆ. ಪೈಥಾನ್ ಓಡಿತು, ಪ್ಯಾಕೇಜ್ ಹಾಕುವ ಪಿಪ್ ಮತ್ತು ಬ್ರೌಸರಿನಲ್ಲಿ ಕೋಡ್ ಬರೆಯುವ ಜುಪಿಟರ್ ಓಡಲಿಲ್ಲ. ಆ ಸ್ಕ್ರಿಪ್ಟ್‌ಗಳ ಮೊದಲ ಸಾಲಿನಲ್ಲಿ ನನ್ನ ಹೋಮ್ ಫೋಲ್ಡರಿನ ಪೂರ್ತಿ ಪಾತ್ ಬರೆದಿರುತ್ತದೆ, ಅಲ್ವಾ? ಅದು ಹೊಳೆಯುವಷ್ಟರಲ್ಲಿ ಒಂದು ಸಂಜೆ ಹೋಗಿತ್ತು. ಅವತ್ತೇ ತೀರ್ಮಾನ ಮಾಡಿದೆ: ಎನ್ವಿರಾನ್‌ಮೆಂಟ್ ಸಾಗಿಸುವುದಿಲ್ಲ, ವೀಲ್ ಫೈಲ್ (ಹಾಕಲು ಸಿದ್ಧವಾಗಿರುವ ಪ್ಯಾಕೇಜ್) ಸಾಗಿಸಿ ಎನ್ವಿರಾನ್‌ಮೆಂಟನ್ನು ಅಲ್ಲಲ್ಲೇ ಕಟ್ಟುತ್ತೇನೆ.

ಲ್ಯಾಬಿನ ಲೈನ್ 20 ಎಂಬಿಪಿಎಸ್. ಒಂದು ಮಶೀನ್‌ಗೆ 1.3 ಜಿಬಿ ಬೇಕು, ಅದರಲ್ಲಿ ಮಶೀನ್ ಲರ್ನಿಂಗ್‌ನ ಪ್ಯಾಕೇಜ್ ಟೆನ್ಸರ್‌ಫ್ಲೋ ಒಂದೇ ಸುಮಾರು 600 ಎಂಬಿ. 36 ಮಶೀನ್ ತಾವೇ ಇಳಿಸಿಕೊಂಡರೆ, ಲೈನ್ ಒಮ್ಮೆಯೂ ಕಡಿಯದಿದ್ದರೂ ಐದು ಗಂಟೆ. ಹಾಗಾಗಿ ಮನೆಯಲ್ಲಿ ಪಿಪ್ ಡೌನ್‌ಲೋಡ್ ಮಾಡಿ ಎಸ್‌ಎಸ್‌ಡಿಯಲ್ಲಿ ತಂದೆ. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಪೈಥಾನ್ 3.10, ಲ್ಯಾಬಿನ ಉಬುಂಟು 24.04ರಲ್ಲಿ 3.12. ಲೆಕ್ಕ, ಡೇಟಾ ಕೆಲಸದ ನಂಪೈ, ಪಾಂಡಾಸ್ ಯಾವುದೂ ಕೂರಲಿಲ್ಲ, ಇಳಿದಿದ್ದು 3.10ರ ವೀಲ್. ದಿನದ ಒಂದೂವರೆ ಜಿಬಿ ಡೇಟಾ ನೀರಿನಲ್ಲಿ ಹೋಯಿತು. ಎರಡನೇ ಸಲ ವರ್ಷನ್ ಸರಿ ಇತ್ತು, ಆದರೆ ಒಂದೆರಡು ಪ್ಯಾಕೇಜ್ ವೀಲ್ ಆಗಿ ಬಾರದೆ ಸೋರ್ಸ್ ಕೋಡ್ ಆಗಿ ಬಂದಿದ್ದವು. ನೆಟ್ ಇಲ್ಲದ ಮಶೀನ್‌ನಲ್ಲಿ ಅವನ್ನು ಕಟ್ಟಲು ಹೋದರೆ ಪಿಪ್ ಕಟ್ಟುವ ಸಾಧನವಾದ ಸೆಟಪ್‌ಟೂಲ್ಸ್ ಹುಡುಕಿಕೊಂಡು ಮತ್ತೆ ನೆಟ್ಟಿಗೇ ಹೋಗುತ್ತದೆ. ಸಿದ್ಧ ವೀಲ್ ಮಾತ್ರ ತರುವ 'ಓನ್ಲಿ-ಬೈನರಿ' ಆಯ್ಕೆ ಹಾಕದೆ ಡೌನ್‌ಲೋಡ್ ಮಾಡಲೇಬೇಡಿ.

ಹಿಂದಿನ ಸಾಲಿನ ಎಂಟು ಮಶೀನ್ ಹಳೇ ಪೆಂಟಿಯಂ. ಟೆನ್ಸರ್‌ಫ್ಲೋ ಇಂಪೋರ್ಟ್ ಮಾಡಿದ ತಕ್ಷಣ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ಸಾಯುತ್ತಿತ್ತು. ರ್‍ಯಾಮ್ ಬದಲಿಸಿ ನೋಡಿದೆ, ಉಬುಂಟು ಮತ್ತೆ ಹಾಕಿ ನೋಡಿದೆ. ಕೊನೆಗೆ ಸಿಪಿಯು ಫ್ಲ್ಯಾಗ್ (ಪ್ರೊಸೆಸರಿಗೆ ಏನೇನು ಬರುತ್ತದೆ ಎಂಬ ಪಟ್ಟಿ) ನೋಡಿದರೆ ವೇಗದ ಲೆಕ್ಕಕ್ಕೆ ಬೇಕಾದ ಎವಿಎಕ್ಸ್ ಆಜ್ಞೆಗಳೇ ಇಲ್ಲ. ಟೆನ್ಸರ್‌ಫ್ಲೋ 1.6ರಿಂದ ಈಚೆಗೆ ಸಿದ್ಧ ಬೈನರಿಗಳಿಗೆ ಎವಿಎಕ್ಸ್ ಬೇಕೇ ಬೇಕು. ಆ ಎಂಟಕ್ಕೆ ಬೇರೆ ಪ್ಯಾಕೇಜ್ ಪಟ್ಟಿ ಮಾಡಿದೆ: ಸೈಕಿಟ್-ಲರ್ನ್ ಮತ್ತು ಚಿತ್ರಗಳ ಕೆಲಸದ ಓಪನ್‌ಸಿವಿ ಇದೆ, ಟೆನ್ಸರ್‌ಫ್ಲೋ ಇಲ್ಲ. ಅದು ಬೇಕಾದಾಗ ಆ ಮಕ್ಕಳು ಮುಂದಿನ ಸಾಲಿನ ಮಶೀನ್‌ನ ಜುಪಿಟರನ್ನು ಬ್ರೌಸರಿನಲ್ಲಿ ತೆರೆಯುತ್ತಾರೆ.

ಆ ಬೇರೆ ಪಟ್ಟಿಯೇ ಮುಂದೆ ಕಾಟ ಕೊಟ್ಟಿತು. 2024ರ ಜೂನ್‌ನಲ್ಲಿ ನಂಪೈ 2.0 ಬಂತು. ನಾನು ಪಟ್ಟಿಯಲ್ಲಿ ಓಪನ್‌ಸಿವಿಯನ್ನು 4.9ಕ್ಕೇ ಕಟ್ಟಿಹಾಕಿದ್ದೆ, ನಂಪೈಗೆ ಇದೇ ವರ್ಷನ್ ಬೇಕು ಅಂತ ಕಟ್ಟಿರಲಿಲ್ಲ. ಉಳಿದ 28 ಮಶೀನ್‌ನಲ್ಲಿ ಟೆನ್ಸರ್‌ಫ್ಲೋ ತಾನೇ ನಂಪೈಯನ್ನು 2ಕ್ಕಿಂತ ಕೆಳಗೆ ಹಿಡಿದಿಟ್ಟಿತ್ತು. ಈ ಎಂಟರಲ್ಲಿ ಹಿಡಿಯುವವರು ಯಾರೂ ಇರಲಿಲ್ಲ, 2.0 ಬಂದು ಕೂತಿತು; ಓಪನ್‌ಸಿವಿ 4.9 ಸಿದ್ಧವಾಗಿದ್ದು ಹಳೇ ನಂಪೈಗೆ. ಇಂಟರ್ನಲ್ಸ್‌ಗೆ ಎರಡು ದಿನ ಮುಂಚೆ ಓಪನ್‌ಸಿವಿ ಇಂಪೋರ್ಟ್ ಆಗುತ್ತಿಲ್ಲ. ಈಗ ಪ್ರತಿ ಪ್ಯಾಕೇಜಿಗೂ, ಅದು ನೆಚ್ಚಿಕೊಂಡ ಪ್ಯಾಕೇಜಿಗೂ ವರ್ಷನ್ ಮತ್ತು ಹ್ಯಾಶ್ (ಫೈಲ್ ಅದೇನಾ ಅಂತ ತಿಳಿಸುವ ಗುರುತು) ಎರಡನ್ನೂ ಕಟ್ಟುತ್ತೇನೆ.

ನಡುವೆ ಡಾಕರ್ (ಸಾಫ್ಟ್‌ವೇರನ್ನೆಲ್ಲ ಒಂದು ಡಬ್ಬಿಯಲ್ಲಿಟ್ಟಂತೆ ಓಡಿಸುವ ವಿಧಾನ) ಕೂಡ ನೋಡಿದೆ. ಚೆನ್ನಾಗಿ ಓಡಿತು. ಆದರೆ ಮಕ್ಕಳು ತಾವೇ ಓಡಿಸಬೇಕೆಂದರೆ ಅವರನ್ನು ಡಾಕರ್ ಗ್ರೂಪಿಗೆ ಸೇರಿಸಬೇಕು. ಸೇರಿಸಿದರೆ ರೂಟ್, ಅಂದರೆ ಮಶೀನಿನ ಪೂರ್ತಿ ಅಧಿಕಾರ ಕೊಟ್ಟಂತೆಯೇ. ಒಬ್ಬ ಹುಡುಗ ಡಾಕರ್ ಒಳಗಿನಿಂದಲೇ ಮಶೀನಿನ ಇಡೀ ಡಿಸ್ಕನ್ನು ತೆರೆದು ನನಗೆ ತೋರಿಸಿದ. ಜಾಣ ಹುಡುಗ. ಅವತ್ತೇ ಡಾಕರ್ ತೆಗೆದೆ.

ಕೊನೆಗೆ ಕೈ ಹಿಡಿದಿದ್ದು ಯುವಿ, ಪಿಪ್ ಮಾಡುವ ಕೆಲಸವನ್ನೇ ವೇಗವಾಗಿ ಮಾಡುವ ಸಾಧನ. ಪಿಪ್ ಒಂದು ಮಶೀನ್‌ಗೆ ನಾಲ್ಕು ನಿಮಿಷ ತೆಗೆದುಕೊಂಡರೆ, ಯುವಿ ಕ್ಯಾಶ್ ತುಂಬಿದ ಮೇಲೆ 15-20 ಸೆಕೆಂಡಿನಲ್ಲಿ ಮುಗಿಸುತ್ತದೆ, ಏಕೆಂದರೆ ಫೈಲ್ ಕಾಪಿ ಮಾಡದೆ ಹಾರ್ಡ್‌ಲಿಂಕ್ ಮಾಡುತ್ತದೆ, ಅಂದರೆ ಕ್ಯಾಶಿನ ಅದೇ ಫೈಲಿಗೆ ಇನ್ನೊಂದು ಹೆಸರು ಕೊಡುತ್ತದೆ. ನಮ್ಮಲ್ಲಿ ಮೊದಲು ಆ ವೇಗ ಬರಲಿಲ್ಲ. ಕ್ಯಾಶ್ ಹೋಮ್‌ನಲ್ಲಿ, ಎನ್ವಿರಾನ್‌ಮೆಂಟ್ ಆಪ್ಟ್‌ನಲ್ಲಿ; ಹೋಮ್ ಬೇರೆ ಪಾರ್ಟಿಷನ್ (ಡಿಸ್ಕಿನ ಭಾಗ), ಆಪ್ಟ್ ಬೇರೆ. ಹಾರ್ಡ್‌ಲಿಂಕ್ ಪಾರ್ಟಿಷನ್ ದಾಟುವುದಿಲ್ಲ, ಸುಮ್ನೆ ಕಾಪಿ ಆಗುತ್ತಿತ್ತು. ಕ್ಯಾಶನ್ನೂ ಆಪ್ಟ್‌ಗೆ ತಂದೆ. ಎರಡಕ್ಕೂ ಒಡೆಯ ರೂಟ್ ಇರಲಿ, ಇಲ್ಲದಿದ್ದರೆ ಯಾರೋ ಎನ್ವಿರಾನ್‌ಮೆಂಟಿನ ಫೈಲ್ ತಿದ್ದಿದರೆ ಕ್ಯಾಶೂ ಕೆಡುತ್ತದೆ.

ವೀಲ್‌ಗಳು ಮೊದಲ ಸಲ ಸರ್ವರಿನಿಂದ ಎಲ್ಲ ಮಶೀನ್‌ಗೆ ಹೋಗಲು ಒಂದು ರಾತ್ರಿ ಬಿಟ್ಟಿದ್ದೆ. ಈಗ ಬದಲಾದವು ಮಾತ್ರ ಹೋಗುತ್ತವೆ. ದೂರದಿಂದಲೇ ಮಶೀನ್‌ಗೆ ಆಜ್ಞೆ ಕೊಡುವ ಎಸ್‌ಎಸ್‌ಎಚ್ ಮೂಲಕ ಆರಾರು ಮಶೀನ್ ಒಟ್ಟಿಗೆ. ಜಾಸ್ತಿ ಮಾಡಿದರೆ ಹಳೇ ಸ್ವಿಚ್ ತಡೆಯುವುದಿಲ್ಲ.

ಮಕ್ಕಳು ಪ್ರಾಜೆಕ್ಟಿಗೆ ತಮ್ಮದೇ ಪ್ಯಾಕೇಜ್ ಹಾಕಿಕೊಳ್ಳುವುದಕ್ಕೂ ದಾರಿ ಮಾಡಿದ್ದೇನೆ. ಮೊದಲೇ ಇರುವ ಪ್ಯಾಕೇಜ್‌ಗಳನ್ನೂ ಬಳಸಲು ಬಿಡುವ ವೆನ್ವ್‌ನ 'ಸಿಸ್ಟಮ್-ಸೈಟ್-ಪ್ಯಾಕೇಜಸ್' ಆಯ್ಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ನೋಡುವುದು ನೇರ ಸಿಸ್ಟಮ್ ಪೈಥಾನನ್ನು, ನಾವು ಕಟ್ಟಿದ ಎನ್ವಿರಾನ್‌ಮೆಂಟನ್ನಲ್ಲ. ಒಂದೇ ಸಾಲಿನ ಒಂದು ಫೈಲ್ ಇಟ್ಟು ಇದನ್ನು ದಾಟಿದ್ದೇನೆ. ಆ ಸಾಲು, ಪರೀಕ್ಷೆಯ ಬ್ಯಾಚ್ ಬದಲಾಗುವಾಗ ಲ್ಯಾಬ್ ತೊಳೆದಿಡುವ ಸ್ಕ್ರಿಪ್ಟ್, ಇವೆರಡು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆಗೋದಿಲ್ಲ ಅಂದವರ ವಿಭಾಗದಲ್ಲಿ 24 ಮಶೀನ್ ಇವೆ. ಬರುವ ಶನಿವಾರ ಬಂದು ಹಾಕಿಕೊಡಿ ಅಂತ ಅವರೇ ಕರೆದಿದ್ದಾರೆ. ಹೋದ ತಕ್ಷಣ ಮೊದಲು ಎವಿಎಕ್ಸ್ ನೋಡುತ್ತೇನೆ.