ಮೊದಲು ಟಾಪ್ ಮುಚ್ಚಿ ಹತ್ತಿ ಇಳಿಯಿರಿ

ನಲವತ್ತೈದು ವಯಸ್ಸು ದಾಟಿದ ಮೇಲೆ ಟಾಪ್, ಅಂದರೆ ಚಾವಣಿ, ತೆಗೆಯುವ ಸ್ಪೋರ್ಟ್ಸ್ ಕಾರು ಕೊಳ್ಳುವ ಆಸೆ ಇದ್ದರೆ, ಟೆಸ್ಟ್ ಡ್ರೈವ್‌ಗೂ ಮೊದಲು ಟಾಪ್ ಮುಚ್ಚಿಸಿ. ಪಕ್ಕದಲ್ಲಿ ಇನ್ನೊಂದು ಕಾರು ನಿಂತಿರುವ ಜಾಗದಲ್ಲಿ ನಾಲ್ಕೈದು ಸಲ ಹತ್ತಿ ಇಳಿದು ನೋಡಿ. ಟಾಪ್ ತೆರೆದಿದ್ದರೆ ಯಾರು ಬೇಕಾದರೂ ಆರಾಮಾಗಿ ಕೂರಬಹುದು, ಅಲ್ವಾ? ಮುಚ್ಚಿದಾಗ ಕುತ್ತಿಗೆ, ಸೊಂಟ, ಮಂಡಿ ಮೂರೂ ಒಟ್ಟಿಗೆ ಬಗ್ಗಬೇಕು. ಸೀಟು ನೆಲಕ್ಕೆ ಹತ್ತಿರ, ಬಾಗಿಲು ಉದ್ದ. ಇಕ್ಕಟ್ಟಾದ ಪಾರ್ಕಿಂಗ್‌ನಲ್ಲಿ ಅದು ಅರ್ಧವೇ ತೆರೆಯುತ್ತದೆ. ಮಾರುವವರು ಟಾಪ್ ತೆರೆದೇ ತೋರಿಸುತ್ತಾರೆ, ಅದು ಅವರ ಕೆಲಸ ಬಿಡಿ. ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಮಾಜ್ದಾ ಮಿಯಾಟಾ (ಇಂಥದ್ದೇ ಎರಡು ಸೀಟಿನ ಪುಟ್ಟ ಕಾರು) ಹುಡುಕುತ್ತಿರುವವರಿಗೆ ಒಂದು ಮಾತು: ನಾಲ್ಕನೇ ತಲೆಮಾರಿನ ಮಿಯಾಟಾದಲ್ಲಿ ಸ್ಟೀರಿಂಗನ್ನು ನಮ್ಮ ಕಡೆಗೆ ಎಳೆದುಕೊಳ್ಳುವ ಸೌಲಭ್ಯ ಬಂದದ್ದು 2019ರ ಮಾಡೆಲ್‌ನಿಂದ. ಅದಿಲ್ಲದಿದ್ದರೆ ಕಾಲಿಗಾಗಿ ಸೀಟು ಹಿಂದಕ್ಕೆ ಸರಿಸಿದಾಗ ಸ್ಟೀರಿಂಗ್ ಕೈಗೆ ದೂರವಾಗುತ್ತದೆ. ಹಾಗಾಗಿ ಕಾಲು ಉದ್ದ ಇದ್ದವರು 2016-18ರ ಕಾರು ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ಮುಂಗಡ ಕೊಡಬೇಡಿ, ಕೂತು ನೋಡಿ. ಮಿಯಾಟಾದಲ್ಲೇ ಗಟ್ಟಿ ಟಾಪ್ ಇರುವ ಆರ್‌ಎಫ್ ಮಾದರಿ ಬೇಕು ಅಂದರೆ ಅದರಲ್ಲೇ ಬೇರೆಯಾಗಿ ಪರೀಕ್ಷೆ ಮಾಡಿ, ತಲೆಯ ಮೇಲಿನ ಜಾಗ ಒಂದೇ ಅಲ್ಲ. ಈ ಪರೀಕ್ಷೆಯಿಂದ ಬೆನ್ನಿನ ವಿಷಯ ಗೊತ್ತಾಗುವುದಿಲ್ಲ. ಸೀಟು ಬೆನ್ನಿಗೆ ಒಗ್ಗದಿದ್ದರೆ ನೋವು ಶುರುವಾಗುವುದು ಅರ್ಧ ಗಂಟೆ ಓಡಿಸಿದ ಮೇಲೆ. ಸಾಧ್ಯವಾದರೆ ಅಂಥದ್ದೇ ಕಾರು ಒಂದು ದಿನಕ್ಕೆ ಬಾಡಿಗೆಗೆ ತೆಗೆದುಕೊಳ್ಳಿ. ಪಕ್ಕದ ಸೀಟಿನಲ್ಲಿ ಕೂರುವವರನ್ನೂ ಕರೆದುಕೊಂಡು ಹೋಗಿ, ಅವರಿಗೂ ಮಂಡಿ ಇದೆ.