ಸಿಎನ್‌ಸಿ ಶಾಪಿನಲ್ಲಿ ಇನ್ಸೆಂಟಿವ್: ನಾವು ಹಾಕುವ ಲೆಕ್ಕ

ಸಿಎನ್‌ಸಿ ಶಾಪಿನಲ್ಲಿ, ಎಂದರೆ ಕಂಪ್ಯೂಟರ್ ನಡೆಸುವ ಮೆಷಿನ್‌ಗಳಲ್ಲಿ ಲೋಹ ಕಡೆಯುವ ಶಾಪಿನಲ್ಲಿ, ಆಯುಧಪೂಜೆಯ ಬೋನಸ್ ಕೊಟ್ಟೆವು, ಇನ್ನು ಹುಡುಗರು ಹುರುಪಿನಿಂದ ದುಡಿಯುತ್ತಾರೆ ಎಂದುಕೊಂಡರೆ ಲೆಕ್ಕ ಅಲ್ಲೇ ತಪ್ಪುತ್ತದೆ. ಕನಿಷ್ಠ ಬೋನಸ್ 8.33% ಎಂದರೆ ಹನ್ನೆರಡರಲ್ಲೊಂದು ಪಾಲು, ಅದು ಕಾನೂನು ಕೊಡಿಸುವ ಹಕ್ಕು. ಓವರ್‌ಟೈಮಿಗೆ ದುಪ್ಪಟ್ಟು ದರ, ಏಳನೇ ತಾರೀಖಿನೊಳಗೆ ಸಂಬಳ, ಇವೂ ಅದೇ ಸಾಲಿನವು. ಕೊಟ್ಟರೆ ಯಾರೂ ಹಿಗ್ಗುವುದಿಲ್ಲ, ತಪ್ಪಿದರೆ ಮಾತ್ರ ಶಾಪಿನಲ್ಲಿ ಮುಖಗಳು ಬಿಗಿಯುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡೆರಿಕ್ ಹರ್ಜ್‌ಬರ್ಗ್ 1959ರಲ್ಲಿ ಇದನ್ನೇ ಹೇಳಿದ್ದು. ಆತ ಮಾತಾಡಿಸಿದ್ದು ಪಿಟ್ಸ್‌ಬರ್ಗಿನ ಎಂಜಿನಿಯರುಗಳನ್ನು, ಅಕೌಂಟೆಂಟುಗಳನ್ನು. ಲೇತ್ ಮುಂದೆ ನಿಂತವರ ಮಟ್ಟಿಗೂ ಆ ಮಾತು ನಿಜ.

ಇನ್ಸೆಂಟಿವ್, ಎಂದರೆ ಹೆಚ್ಚು ತೆಗೆದ ಪೀಸ್‌ಗೆ ಕೊಡುವ ಹೆಚ್ಚುವರಿ ದುಡ್ಡು, ಘೋಷಿಸುವ ಮೊದಲು ನಾಲ್ಕು ವಾರ ಬರೀ ಅಳೆಯುತ್ತೇವೆ. ಪ್ರತಿ ಮೆಷಿನ್ ಪಕ್ಕ ಒಂದು ಹಾಳೆ: ಒಳ್ಳೆ ಪೀಸ್ ಎಷ್ಟು, ರಿಜೆಕ್ಷನ್ ಎಷ್ಟು, ಐದು ನಿಮಿಷ ಮೀರಿ ನಿಂತಿದ್ದು ಯಾಕೆ. ಈ 'ಯಾಕೆ' ಕಾಲಮ್ಮಿನಲ್ಲೇ ಅರ್ಧ ಉತ್ತರ ಸಿಗುತ್ತದೆ. ಇನ್ಸರ್ಟ್‌ಗೆ (ಟೂಲಿನ ತುದಿಯ ಕತ್ತರಿಸುವ ಬಿಲ್ಲೆ) ಸ್ಟೋರ್ ಮುಂದೆ ಕಾಯುವುದು, ಅಳತೆ ನೋಡಲು ಇರುವ ಒಂದೇ ಗೇಜು ಇನ್ನೊಬ್ಬರ ಕೈಯಲ್ಲಿರುವುದು, ಮೊದಲ ಪೀಸ್‌ಗೆ ಇನ್‌ಸ್ಪೆಕ್ಟರ್ ಸಹಿ ಬಾರದಿರುವುದು. ಇವನ್ನು ಮೊದಲು ಸರಿಮಾಡಬೇಕು. ತನ್ನ ಕೈಯಲ್ಲಿಲ್ಲದ ಕಾರಣಕ್ಕೆ ದುಡ್ಡು ಕೈತಪ್ಪುತ್ತದೆ ಎಂದು ಗೊತ್ತಾದ ಆಪರೇಟರ್ ಎರಡನೇ ವಾರಕ್ಕೇ ಸ್ಕೀಮಿನ ಆಸೆ ಬಿಡುತ್ತಾನೆ.

ಲೆಕ್ಕ ಹೀಗೆ. ಎಂಟೂವರೆ ಗಂಟೆಯ ಶಿಫ್ಟ್ ಎಂದರೆ 510 ನಿಮಿಷ. ಊಟಕ್ಕೆ 30, ಎರಡು ಚಹಾಕ್ಕೆ 20, ಕ್ಲೀನಿಂಗ್ ಮತ್ತು ಮೊದಲ ಪೀಸ್‌ಗೆ 20 ಕಳೆದರೆ 440. ಸೈಕಲ್, ಎಂದರೆ ಒಂದು ಪೀಸ್ ಕಡೆಯುವ ಸಮಯ, 4 ನಿಮಿಷ, ಲೋಡಿಂಗ್ 1 ನಿಮಿಷವಾದರೆ ಗರಿಷ್ಠ 88 ಪೀಸ್. ಬೇಸ್, ಎಂದರೆ ಯಾವ ಅಂಕಿ ದಾಟಿದ ಮೇಲೆ ಇನ್ಸೆಂಟಿವ್ ಶುರುವೋ ಅದು, ಈ 88 ಅಲ್ಲ; ನಾಲ್ಕು ವಾರದ ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಬರೆದು ನಡುವಿನದನ್ನು ಹಿಡಿಯಬೇಕು. ಅದು 72 ಎಂದಿಟ್ಟುಕೊಳ್ಳಿ. ಅದರ ಮೇಲಿನ ಪ್ರತಿ ಒಳ್ಳೆ ಪೀಸ್‌ಗೆ 5 ರೂಪಾಯಿ. 80 ತೆಗೆದರೆ ದಿನಕ್ಕೆ 40, 25 ದಿನಕ್ಕೆ 1,000. ಆಪರೇಟರ್ ಬಸ್ಸಿನಲ್ಲಿ ಕೂತು ಬೆರಳು ಮಡಚಿ ಹಾಕಬಹುದಾದ ಲೆಕ್ಕ ಇರಬೇಕು; ಎಕ್ಸೆಲ್ ಬೇಕಾದರೆ ಅನುಮಾನ ಹುಟ್ಟುತ್ತದೆ. ಕರೆಂಟ್ ಹೋದ, ಮೆಷಿನ್ ಕೆಟ್ಟ ನಿಮಿಷಗಳಿಗೆ ತಕ್ಕಂತೆ ಬೇಸ್ ಇಳಿಸಬೇಕು: 55 ನಿಮಿಷ ನಿಂತರೆ 440ರಲ್ಲಿ ಎಂಟನೇ ಒಂದು ಪಾಲು, ಆ ದಿನದ ಬೇಸ್ 63.

ಒಬ್ಬೊಬ್ಬನಿಗೆ ಬೇರೆ ಬೇರೆ ಕೊಡಬೇಡಿ. ಕೊಟ್ಟರೆ ಪೀಸ್ ಹೆಚ್ಚಿಸಲು ಫೀಡ್ ಓವರ್‌ರೈಡ್ (ಟೂಲ್ ಸಾಗುವ ವೇಗದ ಗುಂಡಿ) 120 ಪರ್ಸೆಂಟಿಗೆ ಏರುತ್ತದೆ, ಸವೆದ ಇನ್ಸರ್ಟ್ ಬದಲಾಗದೆ ಬೋರ್ ಫಿನಿಶ್ (ಪೀಸಿನ ಒಳರಂಧ್ರದ ನುಣುಪು) ಕೆಡುತ್ತದೆ, ಹೊಸ ಹುಡುಗನಿಗೆ ಆಫ್‌ಸೆಟ್ (ಮೆಷಿನ್‌ಗೆ ಕೊಟ್ಟ ಟೂಲಿನ ಅಳತೆ) ತಿದ್ದುವುದನ್ನು ಯಾರೂ ಹೇಳಿಕೊಡುವುದಿಲ್ಲ. ಆರರಿಂದ ಎಂಟು ಜನರ ಗುಂಪಿನ ಸರಾಸರಿ ಹಿಡಿದರೆ ಇದು ತಗ್ಗುತ್ತದೆ. ಇಪ್ಪತ್ತು ಜನರಾದರೆ ಮೈಗಳ್ಳರು ಅಡಗಿಕೊಳ್ಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ತಪ್ಪು, ಚೆನ್ನಾಗಿ ತೆಗೆದ ಮರುತಿಂಗಳೇ ಬೇಸನ್ನು 80ಕ್ಕೆ ಏರಿಸುವುದು. ಹಾಗೆ ಮಾಡಿದರೆ ಮುಂದೆ ಯಾವ ಸ್ಕೀಮ್ ತಂದರೂ 73ಕ್ಕೆ ಕೈ ನಿಲ್ಲುತ್ತದೆ. ಫಿಕ್ಸ್ಚರ್ (ಪೀಸ್ ಹಿಡಿಯುವ ಸಾಧನ), ಟೂಲ್ ಅಥವಾ ಪ್ರೋಗ್ರಾಂ ಬದಲಾದರೆ ಮಾತ್ರ ಬೇಸ್ ಬದಲು, ಅದನ್ನೂ ಮೊದಲೇ ಬರೆದು ಬೋರ್ಡಿಗೆ ಅಂಟಿಸುತ್ತೇವೆ.

ಹಾಜರಾತಿ ಬೋನಸ್ 'ಪೂರ್ತಿ ಇಲ್ಲವೇ ಸೊನ್ನೆ' ಎಂದಿದ್ದರೆ, ಐದನೇ ತಾರೀಖಿಗೆ ಒಂದು ರಜೆ ಬಿದ್ದವನಿಗೆ ಉಳಿದ ತಿಂಗಳು ಕಳೆದುಕೊಳ್ಳಲು ಏನೂ ಇರುವುದಿಲ್ಲ. ಮೆಟ್ಟಿಲು ಹಾಕಿ: ರಜೆ ಇಲ್ಲದಿದ್ದರೆ 600, ಒಂದಕ್ಕೆ 400, ಎರಡಕ್ಕೆ 200. ಮೊದಲೇ ಹೇಳಿ ಪಡೆದ ರಜೆ ಇದರಲ್ಲಿ ಬೇಡ.

ದುಡ್ಡಿನ ಆಚೆ ಹೆಚ್ಚು ಕೆಲಸ ಮಾಡುವುದು ಕೌಶಲದ ಪಟ್ಟಿ. ಲೋಡಿಂಗ್, ಆಫ್‌ಸೆಟ್, ಸೆಟ್ಟಿಂಗ್ (ಹೊಸ ಪೀಸ್‌ಗೆ ಮೆಷಿನ್ ಅಣಿಮಾಡುವುದು), ಪ್ರೋಗ್ರಾಂ ತಿದ್ದುವುದು ಹೀಗೆ ನಾಲ್ಕು ಹಂತ. ಪ್ರತಿ ಹಂತಕ್ಕೂ ಮೆಷಿನ್ ಮೇಲೆ ಪರೀಕ್ಷೆ, ಪಾಸಾದರೆ ಮುಂದಿನ ತಿಂಗಳಿಂದಲೇ ಮೂಲವೇತನ ಏರಿಕೆ. ಪರೀಕ್ಷೆ ಮೂರು ತಿಂಗಳಿಗೊಮ್ಮೆ. ಅದನ್ನು ಒಂದು ಸಲ ಮುಂದೂಡಿದರೂ ಸೆಟ್ಟಿಂಗ್ ಕಲಿತ ಹುಡುಗ ಪಕ್ಕದ ಗೇಟಿನಲ್ಲಿ ಇಂಟರ್‌ವ್ಯೂಗೆ ನಿಂತಿರುತ್ತಾನೆ.